ರಾಂಪತ್ರೆ ಜಡ್ಡಿಯ ಗೇರುಮರ

ಮಲೆನಾಡಿನ ಕಾನುಗಳಲ್ಲಿ ಹುಟ್ಟುವ ಹಳ್ಳಗಳು ಕಣಿವೆಗೆ ಬಂದಾಗ ಕೆಲವೆಡೆ ಹರಿವು ನಿಧಾನವಾಗಿ, ನೆಲವು ಬೇಸಿಗೆಯಲ್ಲಿಯೂ ಜವುಗಾಗಿಯೇ ಉಳಿಯುತ್ತದೆ. ಇಂತಹ ಸ್ಥಳವನ್ನು ಶಿರಸಿ-ಸಿದ್ದಾಪುರದ ಕಡೆ ಜಡ್ಡಿ ಎನ್ನುವರು. ಜಾಯಿಕಾಯಿ ಕುಟುಂಬದ ಮರಗಳು ಹೆಚ್ಚಾಗಿರುವಲ್ಲಿ ಅದು ರಾಂಪತ್ರೆ ಜಡ್ಡಿ. ಕೆಸರಿನಲ್ಲಿ ಗಾಳಿ ಸಾಲದ ಕಾರಣ ಇಲ್ಲಿನ ಕೆಲವು ಮರಗಳ ಬೇರುಗಳು ಮಡಿಸಿದ ಮೊಣಕಾಲಿನಂತೆ ನೆಲದಿಂದ ಮೇಲೆದ್ದು ಉಸಿರಾಡುತ್ತವೆ.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಿ ದೊರೆತ ಒಂದು ಗೇರು ಜಾತಿಯನ್ನು 2000ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಡಲಾಯಿತು. ಪಶ್ಚಿಮಘಟ್ಟದ ಬೆರಳೆಣಿಕೆಯ ಜಡ್ಡಿಗಳನ್ನು ಬಿಟ್ಟರೆ ಇದು ಬೇರೆಲ್ಲಿಯೂ ಇಲ್ಲ. ಕಾಡುಗೇರಿನ ಹತ್ತಿರದ ಸಂಬಂಧಿಯಾದ ಇದರ ಸೊನೆ ಮೈಗೆ ತಗುಲದಂತೆ ಎಚ್ಚರ ವಹಿಸಬೇಕು.

ಈ ಮರದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡುಮರ ಎಂದಿಗೂ ಕಾಯಿ ಬಿಡುವುದಿಲ್ಲ. ಕಾಯಿ ಕಾಣದ ಮರವನ್ನು ಗೊಡ್ಡೆಂದು ಕಡಿದರೆ ಸುತ್ತಲಿನ ಹೆಣ್ಣುಮರಗಳೂ ಗೊಡ್ಡಾಗುತ್ತವೆ. ಇರುವ ಮರಗಳೇ ಕೆಲವಾದ್ದರಿಂದ ಒಂದು ಗಂಡುಮರದ ನಷ್ಟವೂ ದೊಡ್ಡದೇ.

ಆದರೆ ಕೊಡಲಿಗಿಂತ ಹೆಚ್ಚು ಹಾನಿ ಮಾಡುವುದು ಗುದ್ದಲಿ. ಜಡ್ಡಿಯ ಮಣ್ಣು, ನೀರು ಎರಡೂ ಅಡಿಕೆಗೆ ಒಪ್ಪುವುದರಿಂದ ಹಿಂದಿನಿಂದಲೂ ಅನೇಕ ಜಡ್ಡಿಗಳು ತೋಟವೋ ಗದ್ದೆಯೋ ಆಗಿವೆ. ಈಗಲೂ ಮೇಲ್ಭಾಗದಲ್ಲಿ ಬಸಿಗಾಲುವೆ ತೋಡಿದರೆ ಅಥವಾ ಹಳ್ಳವನ್ನೇ ತಿರುಗಿಸಿದರೆ, ಒಂದು ಮರವನ್ನೂ ಮುಟ್ಟದೆಯೇ ಜಡ್ಡಿ ಒಣಗುವುದು. ನೀರನ್ನು ಹಿಡಿದಿಟ್ಟು ಮೆಲ್ಲನೆ ಬಿಡುವ ಈ ನೆಲ ಒಣಗಿದರೆ ಕೆಳಗಿನ ತೋಟದವರಿಗೂ ಬೇಸಿಗೆಯ ನೀರು ಕಡಿಮೆಯಾಗುವ ಸಂಭವವುಂಟು. ಆದ್ದರಿಂದ ಜಡ್ಡಿಗೆ ತಾಗಿದ ಹಿಡುವಳಿಯಿರುವ ರೈತರು ಕಾಲುವೆ ತೋಡುವ ಮುನ್ನ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂಬುದನ್ನು ನೋಡಿಕೊಳ್ಳುವುದು ಒಳ್ಳೆಯದು.

ಸಸಿ ಬೆಳೆಸಲು ಇಚ್ಛಿಸುವವರು ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಬೀಜವನ್ನು ಭತ್ತ, ರಾಗಿಯಂತೆ ಬಿಸಿಲಿಗೆ ಹಾಕಿ ಕೂಡಿಡುವಂತಿಲ್ಲ. ಒಣಗಿದರೆ ಮೊಳೆಯುವ ಶಕ್ತಿ ಹೋಗುತ್ತದೆ. ಉದುರಿದ ಹಣ್ಣನ್ನು ಆರಿಸಿ, ಕೈಗವಸು ಧರಿಸಿ ತಿರುಳು ಬಿಡಿಸಿ, ತಡಮಾಡದೆ ನೆರಳಿನಲ್ಲಿ ಬಿತ್ತಬೇಕು. ಎಲ್ಲವನ್ನೂ ಆರಿಸದೆ ಕಾಡಿನ ಪ್ರಾಣಿಗಳಿಗೂ ಹುಟ್ಟುವಳಿಗೂ ಒಂದು ಪಾಲು ಬಿಡತಕ್ಕದ್ದು. ಎಳೆಯ ಸಸಿಯಲ್ಲಿ ಗಂಡು-ಹೆಣ್ಣು ಗುರುತು ಸಿಗದ ಕಾರಣ ಒಂದೆರಡು ಸಸಿ ನೆಟ್ಟು ಸುಮ್ಮನಾಗದೆ, ಹಳ್ಳದಂಚಿನ ತಂಪು ನೆರಳಿನಲ್ಲಿ ಹತ್ತಾರು ಸಸಿಗಳನ್ನು ಗುಂಪಾಗಿ ನೆಡಬೇಕು.