ಅಂಗೈ ಮೇಲಿನ ಮೋಟಾರುಗಾಡಿ

ಬೊಂಬೆಯ ಕಾರಿಗೂ ಮಾದರಿ ಕಾರಿಗೂ ಭೇದವುಂಟು. ಬೊಂಬೆಗೆ ಹೋಲಿಕೆ ಸಾಕು. ಮಾದರಿಗೆ ಲೆಕ್ಕ ಬೇಕು. 1953ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮ್ಯಾಚ್‌ಬಾಕ್ಸ್ ಗಾಡಿಗಳನ್ನು ಬೆಂಕಿಪೆಟ್ಟಿಗೆಯಂಥ ಡಬ್ಬಿಗೆ ಹಿಡಿಸುವಂತೆ ಮಾಡುತ್ತಿದ್ದರು. ಆದುದರಿಂದ ಅವುಗಳಲ್ಲಿ ಬಸ್ಸೂ ಕಾರೂ ಬಹುಮಟ್ಟಿಗೆ ಒಂದೇ ಉದ್ದ. ಮಗುವಿಗೆ ಅದರಿಂದ ಕೊರತೆಯಿಲ್ಲ. ಆದರೆ ಬಸ್ಸಿನ ಪಕ್ಕದಲ್ಲಿ ಕಾರು ನಿಜವಾಗಿ ಹೇಗೆ ಕಾಣುವುದೆಂದು ತೋರಿಸಬೇಕಾದವನು ಎರಡನ್ನೂ ಒಂದೇ ಪ್ರಮಾಣಕ್ಕೆ ಇಳಿಸಬೇಕು.

ಸಂಗ್ರಾಹಕರು ಮೆಚ್ಚುವ ಪ್ರಮಾಣಗಳಲ್ಲಿ 1:43 ಒಂದು. ಒಂದು ಅಡಿಗೆ 7 ಮಿಲಿಮೀಟರ್ ಎಂಬ ಇಂಗ್ಲೆಂಡಿನ ಮಾದರಿ ರೈಲುಗಳ ಲೆಕ್ಕದಿಂದ ಇದು ಬಂದಿತು. 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನ ಉದ್ದ ಸುಮಾರು 4.3 ಮೀಟರ್. ಇದನ್ನು 43ರಿಂದ ಭಾಗಿಸಿದರೆ ಮಾದರಿಯ ಉದ್ದ 10 ಸೆಂಟಿಮೀಟರ್. ಅಗಲ, ಎತ್ತರಗಳಿಗೂ ಇದೇ ಭಾಗಾಕಾರ.

ಆದರೆ ತೂಕದ ಮಾತು ಬೇರೆ. ಅದು 43ರ ಘನದಷ್ಟು, ಎಂದರೆ 79,507 ಪಾಲು ಇಳಿಯಬೇಕು. 1,100 ಕಿಲೋಗ್ರಾಂ ಕಾರಿನ ಮಾದರಿ ಬರಿಯ 14 ಗ್ರಾಂ ತೂಗಬೇಕಾಯಿತು! ಎರಕದ ಮಾದರಿ ಇದಕ್ಕಿಂತ ಬಹಳ ಭಾರ. 1 ಮಿಲಿಮೀಟರ್ ತಗಡು ಈ ಲೆಕ್ಕದಲ್ಲಿ 0.023 ಮಿಲಿಮೀಟರ್ ಆಗುತ್ತದೆ. ಅಷ್ಟು ತೆಳುವಾಗಿ ಸತುವಿನ ಮಿಶ್ರಲೋಹವನ್ನು ಎರಕ ಹೊಯ್ಯಲಾಗದು. ಬಣ್ಣವೂ ಹಾಗೆಯೇ: ದಪ್ಪನಾಗಿ ಬಳಿದರೆ ಬಾಗಿಲಿನ ಗೀರುಗಳೇ ಮುಚ್ಚಿಹೋಗುತ್ತವೆ. ಆಕಾರ ಕುಗ್ಗುತ್ತದೆ, ವಸ್ತುವಿನ ಗುಣ ಕುಗ್ಗುವುದಿಲ್ಲ. ಕಾಣುವಲ್ಲಿ ನಿಷ್ಠೆ, ಕಾಣದಲ್ಲಿ ವಿವೇಕ—ಇದೇ ಈ ಕಲೆಯ ಮರ್ಮ.

ಇದಕ್ಕೆ ಹೆಚ್ಚು ಹಣ ಬೇಕಿಲ್ಲ. ಅಳತೆಪಟ್ಟಿ, ರಟ್ಟು, ಕತ್ತರಿ, ಅಂಟು ಇದ್ದರೆ ರಸ್ತೆಬದಿಯಲ್ಲಿ ನಿಂತ ಲಾರಿಯೇ ಪಠ್ಯಪುಸ್ತಕ. ಮೊದಲು ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಇರುವ ದೂರವನ್ನು ಅಳೆಯಿರಿ. ಅದು ತಪ್ಪಿದರೆ ಉಳಿದುದೆಲ್ಲ ಸರಿಯಿದ್ದರೂ ಲಾರಿ ಲಾರಿಯಂತೆ ಕಾಣದು.