ಎಂಜಿನ್ ಇಳಿಸುವ ಮೊದಲು ಡಿಪ್‌ಸ್ಟಿಕ್ ನೋಡಿ

‘ಗಾಡಿ ಆಯಿಲ್ ಕುಡೀತಿದೆ, ಎಂಜಿನ್ ಇಳಿಸಬೇಕು’ ಎಂದು ಮೆಕ್ಯಾನಿಕ್ ಹೇಳಿದರೆ ತಕ್ಷಣ ಒಪ್ಪಬೇಡಿ. ಎಷ್ಟು ಕುಡಿಯುತ್ತಿದೆ ಎಂದು ಮೊದಲು ಅಳೆಯಿರಿ.

ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ, ಬಿಸಿ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ಒರೆಸಿ, ಮತ್ತೆ ಅದ್ದಿ ನೋಡಿ. ಮೇಲಿನ ಗುರುತಿನವರೆಗೆ ಆಯಿಲ್ ತುಂಬಿ, ಕಿಲೋಮೀಟರ್ ಬರೆದಿಡಿ. 1,000 ಕಿ.ಮೀ. ಓಡಿಸಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ, ಮತ್ತೆ ಆ ಗುರುತು ಮುಟ್ಟಲು ಎಷ್ಟು ಆಯಿಲ್ ಹಿಡಿಯಿತೆಂದು ನೋಡಿ. ಬಹಳಷ್ಟು ಕಾರುಗಳಲ್ಲಿ ಎರಡು ಗುರುತುಗಳ ನಡುವೆ ಸುಮಾರು 1 ಲೀಟರ್ ಹಿಡಿಯುತ್ತದೆ. ಕೆಲವು ಕಂಪನಿಗಳ ಕೈಪಿಡಿಯಲ್ಲಿ 1,000 ಕಿ.ಮೀ.ಗೆ ಅರ್ಧ ಲೀಟರ್ ಕೂಡ ಸಹಜವೆಂದಿರುತ್ತದೆ. ಆದರೆ ನಿನ್ನೆಮೊನ್ನೆವರೆಗೆ ಕುಡಿಯದಿದ್ದ ಎಂಜಿನ್ ಈಗ ಕುಡಿಯತೊಡಗಿದ್ದರೆ ಕಾರಣ ಹುಡುಕಲೇಬೇಕು.

ಮೊದಲು ಸೋರಿಕೆ. ರಾತ್ರಿ ಕಾರಿನಡಿ ರಟ್ಟು ಹಾಸಿ. ಟ್ಯಾಪೆಟ್ ಕವರ್ ಪ್ಯಾಕಿಂಗ್, ಆಯಿಲ್ ಫಿಲ್ಟರ್, ಡ್ರೇನ್ ಬೋಲ್ಟ್ ಸುತ್ತ ಜಿಡ್ಡು ಇದೆಯೇ ನೋಡಿ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಸುಡುವ ಆಯಿಲ್ ನೆಲಕ್ಕೆ ತೊಟ್ಟಿಕ್ಕುವುದಿಲ್ಲ. ಸುಟ್ಟ ವಾಸನೆಯಿಂದಲೇ ತಿಳಿಯಬೇಕು.

ಸೋರಿಕೆ ಇಲ್ಲದಿದ್ದರೆ ಹೊಗೆ ಗಮನಿಸಿ. ಆಯಿಲ್ ಸುಟ್ಟರೆ ಹೊಗೆ ನೀಲಿ. ಅದು ಯಾವಾಗ ಬರುತ್ತದೆ ಎಂಬುದೇ ಮುಖ್ಯ ಸುಳಿವು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಬುಸ್ಸೆಂದು ಬಂದು ನಿಂತರೆ, ಅಥವಾ ಚಾರ್ಮಾಡಿಯಂಥ ಘಾಟಿಯನ್ನು ಗೇರಿನಲ್ಲೇ ಇಳಿದು ಕೆಳಗೆ ಆಕ್ಸಿಲರೇಟರ್ ಒತ್ತಿದಾಗ ಬಂದರೆ, ವಾಲ್ವ್ ಸೀಲ್ ಮೇಲೆ ಅನುಮಾನ. ಅನೇಕ ಎಂಜಿನ್‌ಗಳಲ್ಲಿ ಹೆಡ್ ಬಿಚ್ಚದೆಯೇ ಸೀಲ್ ಬದಲಿಸಬಹುದು. ಏರಿನಲ್ಲಿ, ವೇಗ ಹೆಚ್ಚಿಸುವಾಗೆಲ್ಲ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು, ಇಲ್ಲವೇ ಕಾರ್ಬನ್ ಕಟ್ಟಿ ಅಂಟಿಕೊಂಡಿರಬಹುದು. ಟರ್ಬೊ ಇರುವ ಗಾಡಿಯಾದರೆ ಇಂಟರ್‌ಕೂಲರ್ ಪೈಪ್ ಬಿಚ್ಚಿಸಿ. ಒಳಗೆ ಆಯಿಲ್ ನಿಂತಿದ್ದರೆ ಟರ್ಬೊ ಸೀಲ್ ಪರೀಕ್ಷಿಸಬೇಕು.

ರಿಂಗ್ ಎಂದು ತೀರ್ಮಾನಿಸುವ ಮೊದಲು ಪಿಸಿವಿ ವಾಲ್ವ್ ನೋಡಿಸಿ. ಎಂಜಿನ್ ಒಳಗಿನ ಗಾಳಿ ಹೊರಹೋಗುವ ಈ ದಾರಿ ಕಟ್ಟಿದರೆ ಒತ್ತಡ ಏರಿ, ಚೆನ್ನಾಗಿರುವ ಎಂಜಿನ್ನೂ ಆಯಿಲ್ ಕುಡಿಯುತ್ತದೆ. ಸಣ್ಣ ಖರ್ಚಿನ ಈ ಭಾಗವನ್ನು ನೋಡದೆ ಎಂಜಿನ್ ಬಿಚ್ಚುವುದು ಅನ್ಯಾಯ.

ಆಮೇಲೆ ಕಂಪ್ರೆಷನ್ ಪರೀಕ್ಷೆ. ಪೆಟ್ರೋಲ್ ಎಂಜಿನ್‌ನಲ್ಲಿ ಒತ್ತಡ ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಸಿ. ಈಗ ಒತ್ತಡ ಏರಿದರೆ ದೋಷ ರಿಂಗ್ ಅಥವಾ ಬೋರ್‌ನದು. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಎರಡೂ ಅಂಕಿಗಳನ್ನು ಬರೆಸಿಕೊಂಡ ಮೇಲೆಯೇ ಎಂಜಿನ್ ಇಳಿಸಲು ಒಪ್ಪಿ.

ದಪ್ಪ ಆಯಿಲ್ ಹಾಕಿ ತೇಪೆ ಹಚ್ಚಬೇಡಿ. ಕೈಪಿಡಿ ಹೇಳಿದ ಗ್ರೇಡೇ ಇರಲಿ. ರಿಪೇರಿ ಆಗುವವರೆಗೆ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ, ಅದೇ ಗ್ರೇಡಿನ 1 ಲೀಟರ್ ಡಿಕ್ಕಿಯಲ್ಲಿರಲಿ. ಕೆಂಪು ಆಯಿಲ್ ದೀಪ ತೋರಿಸುವುದು ಒತ್ತಡವನ್ನು, ಮಟ್ಟವನ್ನಲ್ಲ. ಓಡುವಾಗ ಅದು ಹೊತ್ತಿದರೆ ಮುಂದಿನ ಬಂಕ್‌ವರೆಗೂ ಹೋಗದೆ, ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ ತಕ್ಷಣ ಎಂಜಿನ್ ಆಫ್ ಮಾಡಿ.