ಮೊದಲ ಬೋಲ್ಟ್ ರೈಫಲ್: ಹಣ ಎಲ್ಲಿ ಹಾಕಬೇಕು?

ಕೈಲ್‌ಪೊಳ್ದ್ ಹತ್ತಿರವಾದಂತೆ ಸದಸ್ಯರಲ್ಲಿ ಕೆಲವರು, ತೆಂಗಿನಕಾಯಿ ಸ್ಪರ್ಧೆಗೆಂದು ಪಾಯಿಂಟ್ 22 ರೈಫಲ್ ಕೊಳ್ಳುವ ಮೊದಲೇ ಯಾವ ದುರ್ಬೀನು ಒಳ್ಳೆಯದೆಂದು ಕೇಳುತ್ತಾರೆ. ಅದು ಕೊನೆಯ ಪ್ರಶ್ನೆ. (ಸ್ಪರ್ಧೆಯಲ್ಲಿ ದುರ್ಬೀನಿಗೆ ಅವಕಾಶ ಉಂಟೇ ಎಂಬುದನ್ನೂ ವಿಚಾರಿಸಿಕೊಳ್ಳಿ.)

ನಾವೂ ರೈಫಲಿನಷ್ಟೇ ಬೆಲೆಯ ದುರ್ಬೀನು ಕೂರಿಸಿದವರೇ. ಬೇಸಗೆಯಲ್ಲಿ ನೆಟ್ಟಗಿದ್ದ ಗುಂಡು ಆಷಾಢದಲ್ಲಿ ಎಡಕ್ಕೆ ಸರಿಯಿತು. ಎರಡು ವರ್ಷ ದುರ್ಬೀನನ್ನೇ ಬೈದೆವು. ಕಾರಣ ಬೇರೆಯೇ: ಮಳೆಯ ತೇವಕ್ಕೆ ಮರದ ಕಟ್ಟು ಉಬ್ಬಿ ನಳಿಗೆಯನ್ನು ಪಕ್ಕಕ್ಕೆ ಒತ್ತುತ್ತಿತ್ತು. ಕಾಗದದ ಹಾಳೆಯೊಂದನ್ನು ನಳಿಗೆಗೂ ಮರಕ್ಕೂ ನಡುವೆ ಎಳೆದು ನೋಡಿ. ತಡೆದ ಕಡೆ ತಾಗುತ್ತಿದೆ. ಅಲ್ಲಿ ಮರ ಕೆತ್ತಿಸಿ, ರಿಸೀವರ್ ಕೂರುವಲ್ಲಿ ಎಪಾಕ್ಸಿ ಹಾಸಿಗೆ ಹಾಕಿಸುವುದೇ ನಮ್ಮ ಮಳೆನಾಡಿಗೆ ಮೊದಲ ಸುಧಾರಣೆ.

ಅನಂತರ ಗುಂಡು. ಮೂರು ನಾಲ್ಕು ಬಗೆ ತಂದು, ರೈಫಲನ್ನು ಮರಳಚೀಲಕ್ಕೆ ಆನಿಸಿ, 50 ಮೀಟರಿನಲ್ಲಿ ಐದೈದು ಹೊಡೆಯಿರಿ. ಒಂದೇ ನಳಿಗೆ ಒಂದನ್ನು ಒಟ್ಟಾಗಿ ಇಡುತ್ತದೆ, ಇನ್ನೊಂದನ್ನು ಚೆಲ್ಲುತ್ತದೆ. ಬೆಲೆ ನೋಡಿ ಹೇಳಲಾಗದು. 15 ಮಿ.ಮೀ. ಒಳಗೆ ಬಿದ್ದರೆ ನಳಿಗೆ ಬದಲಿಸುವ ಯೋಚನೆ ಬಿಡಿ.

ಟ್ರಿಗರ್ ಹಗುರ ಮಾಡಿಸುವುದು ಪರವಾನಗಿಯುಳ್ಳ ದುರಸ್ತಿಗಾರರ ಕೆಲಸ. ಅತಿ ಹಗುರವಾದರೆ ಬೋಲ್ಟ್ ಬಡಿದಾಗಲೇ ಗುಂಡು ಹಾರೀತು.

ದುರ್ಬೀನು ಕೊಳ್ಳುವುದೇ ಆದರೆ, 50 ಮೀಟರಿಗೆ ಪ್ಯಾರಲಾಕ್ಸ್ ಹೊಂದಿಸಬಹುದಾದದ್ದನ್ನೇ ಕೊಳ್ಳಿ. ಅದರ ಬಳೆಗಳಿಗೆ ಜಿಪುಣತನ ಬೇಡ.